ಟೇರಿಂಗ್, ಫ್ಲಿಕರ್: ಮಾನಿಟರ್ ರಿಪೇರಿಯವರನ್ನು ಕೇಳಿ

ಅಡ್ಮಿನ್: ಮಾನಿಟರ್ ರಿಪೇರಿ ಮಾಡುವ ನಮ್ಮ ತಂತ್ರಜ್ಞರು ಬಂದಿದ್ದಾರೆ. ಕೇಳುವ ಮುಂಚೆ ಮೇಲಿನದನ್ನು ಓದಿ.

ಗೂಬೆಗಣ್ಣು: ಆಟದಲ್ಲಿ ಬೇಗ ತಿರುಗಿದರೆ ಕಂಬಗಳು ಅಡ್ಡಕ್ಕೆ ಕತ್ತರಿಸಿದ ಹಾಗೆ ಕಾಣುತ್ತವೆ. ಮೇಲರ್ಧ ಅಲ್ಲಿ, ಕೆಳಗರ್ಧ ಇಲ್ಲಿ. ಮಾನಿಟರ್ ಹೋಯ್ತಾ ಸರ್?

ತಂತ್ರಜ್ಞ: ಹೋಗಿಲ್ಲ, ಇದು ಟೇರಿಂಗ್. ಮಾನಿಟರ್ ಒಂದು ಫ್ರೇಮನ್ನು, ಅಂದರೆ ಒಂದು ಚಿತ್ರವನ್ನು, ಮೇಲಿಂದ ಕೆಳಗೆ ಬರೆಯುತ್ತಿರುವಾಗಲೇ ಗ್ರಾಫಿಕ್ಸ್ ಕಾರ್ಡ್ ಮುಂದಿನದನ್ನು ತಳ್ಳಿಬಿಡುತ್ತದೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ (ಕಾರ್ಡ್‌ನ ವೇಗಕ್ಕೆ ತಕ್ಕಂತೆ ಮಾನಿಟರ್ ತನ್ನ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯ) ಇದ್ದರೆ ಮಾನಿಟರ್ ಮೆನುವಿನಲ್ಲೂ ಡ್ರೈವರ್‌ನಲ್ಲೂ ಆನ್ ಮಾಡಿ. 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬರೆಯುವ ಮಾನಿಟರ್ ಆದರೆ, ಆಟದ ಫ್ರೇಮ್ ಮಿತಿ ಸೆಕೆಂಡಿಗೆ 140ಕ್ಕೆ ಇಡಿ.

ಜೋಡಿಪರದೆ: ನನ್ನ ಹತ್ತಿರ ಎರಡು ಮಾನಿಟರ್. ಒಂದು 60, ಒಂದು 144. ಪಕ್ಕದಲ್ಲಿ ವಿಡಿಯೋ ಹಾಕಿದರೆ ಆಟ ತಡವರಿಸುತ್ತದೆ. ಯಾಕೆ?

ಕೊನೇಗುಂಡು: ಟೇರಿಂಗ್‌ಗೆ ವಿ-ಸಿಂಕ್ ಆನ್ ಮಾಡಿದರೆ ಸಾಕು, ಮಾನಿಟರ್ ಒಂದು ಫ್ರೇಮ್ ಮುಗಿಸೋವರೆಗೆ ಮುಂದಿನದು ಕಾಯುತ್ತೆ. ಸುಮ್ನೆ ಇಷ್ಟುದ್ದ ಯಾಕೆ?

ಮೌಸ್‌ಪ್ಯಾಡ್: ವಿ-ಸಿಂಕಾ? ಮೌಸನ್ನು ಕೆಸರಲ್ಲಿ ಎಳೆದ ಹಾಗಿರುತ್ತದೆ.

ಕೊನೇಗುಂಡು: ಕೈ ನಿಧಾನ ಇದ್ದವರು ಹಾಗೇ ಹೇಳೋದು.

ಗುಹೆಯಾತ್ರಿ: ನನ್ನದು ವಿಎ ಪ್ಯಾನಲ್ (ಎಲ್‌ಸಿಡಿ ಪರದೆಯಲ್ಲೇ ಒಂದು ಬಗೆ), 144 ಹರ್ಟ್ಜ್, ಫ್ರೀಸಿಂಕ್ ಆನ್. ಕತ್ತಲ ಗುಹೆಯೊಳಗೆ ಹೋದ ತಕ್ಷಣ ಇಡೀ ಪರದೆ ಪಟಪಟ ಮಿನುಗುತ್ತದೆ. ಲೋಡಿಂಗ್ ಪರದೆಯಲ್ಲೂ ಅಷ್ಟೇ. ಡೆಸ್ಕ್‌ಟಾಪ್‌ನಲ್ಲಿ ಏನೂ ಇಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಿ ನೋಡಿದರೆ ವಿಡಿಯೋ ಚೆನ್ನಾಗಿಯೇ ಇದೆ!

ತಂತ್ರಜ್ಞ: ಒಳ್ಳೇ ಕೆಲಸ ಮಾಡಿದಿರಿ. ರೆಕಾರ್ಡಿಂಗ್‌ನಲ್ಲಿ ಇಲ್ಲ ಅಂದರೆ ಕಾರ್ಡ್ ಕಳಿಸುವ ಚಿತ್ರ ಸರಿ ಇದೆ, ಮಿನುಗು ಹುಟ್ಟುತ್ತಿರುವುದು ಅದರಾಚೆ. ಮಾನಿಟರ್ ಮೆನುವಿನಲ್ಲಿ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಇದ್ದರೆ ಹಾಕಿಕೊಂಡು ಗುಹೆಗೆ ಹೋಗಿ. ಅಂಕಿ ಕುಣಿಯುವುದು ಕಾಣುತ್ತದೆ. ಎಷ್ಟೋ ಮಾನಿಟರ್‌ಗಳಲ್ಲಿ ಫ್ರೀಸಿಂಕ್ 48 ಹರ್ಟ್ಜ್‌ನಿಂದ ಶುರು. ಆಟ ಸೆಕೆಂಡಿಗೆ 45 ಫ್ರೇಮಿಗೆ ಇಳಿದರೆ ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸಲಾಗುತ್ತದೆ, ಅಂದರೆ ರೇಟ್ 90ಕ್ಕೆ ಹಾರುತ್ತದೆ. ಆಟ 50ಕ್ಕೆ ಏರಿದರೆ ಮತ್ತೆ 50. ರೇಟ್ ಬದಲಾದಾಗ ಪ್ಯಾನಲ್‌ನ ಹೊಳಪೂ ಒಂಚೂರು ಬದಲಾಗುತ್ತದೆ. ಬೆಳಕಿನ ದೃಶ್ಯದಲ್ಲಿ ಗೊತ್ತಾಗಲ್ಲ, ಕಡು ಬೂದು ಬಣ್ಣದಲ್ಲಿ ಕಣ್ಣಿಗೆ ಹೊಡೆಯುತ್ತದೆ. ವಿಎ ಮತ್ತು ಓಎಲ್‌ಇಡಿ ಪ್ಯಾನಲ್‌ಗಳಲ್ಲಿ ಇದು ಜಾಸ್ತಿ.

ನೆರಳು, ಪ್ರತಿಫಲನದ ಸೆಟ್ಟಿಂಗ್ ಇಳಿಸಿ. ಗುಹೆಯಲ್ಲೂ 70 ಬರುವಂತಾದರೆ ಮಿತಿಯನ್ನೂ 70ಕ್ಕೇ ಕಟ್ಟಿ. ರೇಟ್ ಅಲುಗಾಡದಿದ್ದರೆ ಮಿನುಗಿಲ್ಲ. ಆಗಲಿಲ್ಲವೋ, ಆ ಒಂದು ಆಟಕ್ಕೆ ಮಾತ್ರ ಫ್ರೀಸಿಂಕ್ ಆಫ್ ಮಾಡಿ ವಿ-ಸಿಂಕ್ ಹಾಕಿ. ಲೋಡಿಂಗ್ ಪರದೆಯದ್ದನ್ನು ಬಿಟ್ಟುಬಿಡಿ, ಅಲ್ಲಿ ಫ್ರೇಮ್ ಹೇಗೂ ಕುಸಿಯುತ್ತದೆ.

ಹೊಸಬ: ನನಗೂ ಚಿತ್ರ ಹರಿಯುತ್ತೆ. ಪರಿಹಾರ?

ತಂತ್ರಜ್ಞ: ಮೇಲಿದೆ.

ಫಾರ್ವರ್ಡಣ್ಣ: ಗ್ರೂಪ್‌ನಲ್ಲಿ ಬಂದದ್ದು: "ಫ್ಲಿಕರ್ ಬಂದರೆ ಮಾನಿಟರ್ ಹಿಂಬದಿ ಕವರ್ ತೆಗೆದು, ಬ್ಯಾಕ್‌ಲೈಟ್ ವೈರ್ ಬೆರಳಿಂದ ಒತ್ತಿ. 100% ಗ್ಯಾರಂಟಿ." ಎಲ್ಲರಿಗೂ ಕಳಿಸಿ.

ತಂತ್ರಜ್ಞ: ಯಾರಿಗೂ ಕಳಿಸಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡ್‌ನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಬರೆದವನು ಒಮ್ಮೆಯಾದರೂ ಕವರ್ ತೆಗೆದಿದ್ದಾನಾ?

ಫಾರ್ವರ್ಡಣ್ಣ: ಬಂದದ್ದನ್ನು ಹಾಕಿದೆ ಅಷ್ಟೇ. ಇಷ್ಟು ಕೋಪ ಯಾಕೆ?

ತಂತ್ರಜ್ಞ: ಬೆರಳು ನಿಮ್ಮದಲ್ಲ ಅಲ್ವಾ, ಅದಕ್ಕೆ.

ಧೂಳುಕೀಲಿ: ಪರದೆ ಎರಡು ಸೆಕೆಂಡ್ ಪೂರ್ತಿ ಕಪ್ಪಾಗಿ ವಾಪಸ್ ಬರುತ್ತದೆ. ಹೊಸ ಡ್ರೈವರ್ ಹಾಕಿದೆ, ಆದರೂ ಅದೇ.

ತಂತ್ರಜ್ಞ: ಮೊದಲು ಕೇಬಲ್ ಬದಲಿಸಿ. ಅಲ್ಲಿವರೆಗೆ 144ರಿಂದ 120ಕ್ಕೆ ಇಳಿಸಿ ನೋಡಿ. ಕಪ್ಪಾಗುವುದು ನಿಂತರೆ ಕೇಬಲ್ ಮೇಲೆ ಅನುಮಾನ ಜಾಸ್ತಿ.

ಮೌಸ್‌ಪ್ಯಾಡ್: ಸರ್, ವಿ-ಸಿಂಕ್ ವಿಷಯ ನೀವೇ ಹೇಳಿ. ಕೊನೇಗುಂಡು ಒಪ್ಪುತ್ತಿಲ್ಲ.

ತಂತ್ರಜ್ಞ: 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, 144ರಲ್ಲಿ 6.9. ವಿ-ಸಿಂಕ್‌ನಲ್ಲಿ ಫ್ರೇಮ್ ಸರದಿ ಕಾಯಬೇಕು. 60ರಲ್ಲಿ ಆ ಕಾಯುವಿಕೆ ಕೈಗೆ ಗೊತ್ತಾಗುತ್ತದೆ, 144ರಲ್ಲಿ ಅಷ್ಟಿಲ್ಲ. ಇಬ್ಬರೂ ನಿಮ್ಮ ಮಾನಿಟರ್ ಯಾವುದು ಅಂತಲೇ ಹೇಳದೆ ಜಗಳ ಆಡುತ್ತಿದ್ದೀರಿ.

ಕೊನೇಗುಂಡು: ನಂದು 144.

ಮೌಸ್‌ಪ್ಯಾಡ್: ನಂದು 60. ಮೊದಲೇ ಹೇಳೋಕೆ ಏನಾಗಿತ್ತು?

ಕೊನೇಗುಂಡು: ನೀನು ಕೇಳಿದ್ಯಾ?

ಹೊಸಬ: ಮೇಲಿದೆ ಅಂದ್ರೆ ಎಲ್ಲಿ? ನಂದೂ 144 ಹರ್ಟ್ಜ್.

ತಂತ್ರಜ್ಞ: ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಇದೆಯಾ, ಇನ್ನೂ 60ರಲ್ಲೇ ಕೂತಿದೆಯಾ ನೋಡಿ. ಆಮೇಲೆ ನನ್ನ ಮೊದಲ ಉತ್ತರ ಓದಿ.

ಹೊಸಬ: 60 ಇತ್ತು 😬

ಗುಹೆಯಾತ್ರಿ: ಸರ್, 70 ಬರಲಿಲ್ಲ. 62ಕ್ಕೆ ಕಟ್ಟಿದೆ. ಗುಹೆ ಈಗ ಗುಹೆ ಥರಾನೇ ಇದೆ.

ಜೋಡಿಪರದೆ: ನನ್ನ ಎರಡು ಮಾನಿಟರ್ ಪ್ರಶ್ನೆ ಯಾರಾದರೂ ನೋಡಿದಿರಾ?

ಅಡ್ಮಿನ್: ತಂತ್ರಜ್ಞರು ಹೊರಟರು. ಇವತ್ತಿಗೆ ಮುಚ್ಚುತ್ತಿದ್ದೇನೆ.