ಕೇಸ್ ಪೇಪರ್‌ನಲ್ಲಿ ತಪ್ಪಾದರೆ ವೈಟ್ನರ್ ಹಚ್ಚಬಹುದಾ?

ಪ್ರಶ್ನೆ (ಸ್ಟಾಫ್ ನರ್ಸ್, ಪಿಂಪ್ರಿ): ನಮಸ್ಕಾರ ಸರ್. ಊರು ಇಂಡಿ, ಈಗ ಇಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಫೈಲ್‌ನಲ್ಲಿ ತಪ್ಪಾದರೆ ಒಬ್ಬರು ವೈಟ್ನರ್ ಹಚ್ಚು ಅಂತಾರೆ, ಇನ್ನೊಬ್ಬರು ಹಾಳೆ ಹರಿದು ಹೊಸದಾಗಿ ಬರೆ ಅಂತಾರೆ. ಯಾವುದು ಸರಿ? ರಾತ್ರಿ ಡಾಕ್ಟರ್ ಫೋನಿನಲ್ಲಿ ಔಷಧ ಹೇಳಿದರೆ ಹೇಗೆ ಬರೆಯಬೇಕು?

ಉತ್ತರ (ಮೆಡಿಕಲ್ ರೆಕಾರ್ಡ್ ಆಫೀಸರ್, ಮುಂಬಯಿ): ಎರಡೂ ಬೇಡ ಸಿಸ್ಟರ್. ತಪ್ಪಾದದ್ದರ ಮೇಲೆ ಒಂದೇ ಗೆರೆ ಎಳೆಯಿರಿ, ಅಡಿಯ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಗಂಟೆ. ಅಷ್ಟೇ. ಕೇಸು ಕೋರ್ಟಿಗೆ ಹೋದರೆ ವಕೀಲರ ಕಣ್ಣು ಮೊದಲು ಬೀಳುವುದೇ ವೈಟ್ನರ್ ಮೇಲೆ. ಬರೆಯಲು ಮರೆತದ್ದು ಆಮೇಲೆ ನೆನಪಾದರೆ ಸಾಲಿನ ಸಂದಿಯಲ್ಲಿ ತುರುಕಬೇಡಿ. ‘ಲೇಟ್ ಎಂಟ್ರಿ’ ಅಂತ ಹಾಕಿ, ಕೆಲಸ ನಡೆದ ಹೊತ್ತು, ಬರೆಯುತ್ತಿರುವ ಹೊತ್ತು ಎರಡನ್ನೂ ನಮೂದಿಸಿ.

ಫೋನ್ ಆರ್ಡರ್ ಆದರೆ ಮೊದಲು ಬರೆದುಕೊಳ್ಳಿ. ಬರೆದದ್ದನ್ನು ಡಾಕ್ಟರಿಗೆ ಓದಿ ಹೇಳಿ, ಹೌದು ಅನ್ನಿಸಿಕೊಳ್ಳಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ‘ಒನ್ ಫೈವ್’ ಅಂತ ಬಿಡಿಸಿ ಕೇಳಿ. ಅವರ ಹೆಸರು, ಸಮಯ ಬರೆದಿಡಿ. ಬಂದ ಮೇಲೆ ಸಹಿ ತಗೊಳ್ಳಿ, ಸಂಕೋಚ ಬೇಡ.

ನೀವು ಕೇಳದಿದ್ದರೂ ಒಂದು ಹೇಳುತ್ತೇನೆ. ನನಗೆ ಜಾಸ್ತಿ ಭಯ ಇನ್ಸುಲಿನ್ ಬರೆಯುವ ರೀತಿಯದು. 4ರ ಪಕ್ಕ ಇಂಗ್ಲಿಷಿನ ‘ಯು’ ಅಕ್ಷರವನ್ನು ಅವಸರದಲ್ಲಿ ಗೀಚಿದರೆ ಸೊನ್ನೆಯಂತೆ ಕಾಣುತ್ತದೆ. 4 ಯುನಿಟ್ ಹೋಗಿ 40! ‘ಯುನಿಟ್’ ಅಂತ ಪೂರ್ತಿ ಬರೆಯಿರಿ. 1.0 ಬೇಡ, ಚುಕ್ಕಿ ಮಾಸಿದರೆ 10. ಬರೀ .5 ಕೂಡ ಬೇಡ, 0.5 ಅನ್ನಿ. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ ಅನ್ನುವ ಸಂಸ್ಥೆ ಇವನ್ನೆಲ್ಲ 2004ರಲ್ಲೇ ‘ಬಳಸಬೇಡಿ’ ಪಟ್ಟಿಗೆ ಹಾಕಿದೆ. ನಮ್ಮ ವಾರ್ಡುಗಳಲ್ಲಿ ಇನ್ನೂ ಸಲೀಸಾಗಿ ನಡೆಯುತ್ತಿದೆ.

ಪ್ರಶ್ನೆ (ಡೊಂಬಿವಲಿ): ಅಪ್ಪನ ಫೈಲಿನ ಕಾಪಿ ಕೇಳಿದರೆ ನಾಳೆ ಬನ್ನಿ ಅಂತ ಸುಮ್ನೆ ಓಡಾಡಿಸುತ್ತಿದ್ದಾರೆ.

ಉತ್ತರ: ಬಾಯಲ್ಲಿ ಕೇಳಬೇಡಿ. ಅಪ್ಪನ ಸಹಿಯ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಅಡ್ಮಿಟ್ ಆದವರ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಅಂತಲೂ ಅದರಲ್ಲೇ ಇದೆ, ಹಾಗಾಗಿ ತಡ ಮಾಡಬೇಡಿ. ಝೆರಾಕ್ಸ್ ಖರ್ಚು ಕೇಳಿದರೆ ಕೊಟ್ಟುಬಿಡಿ.

ಪ್ರಶ್ನೆ (ಪಿಂಪ್ರಿ): ಸರ್, ಕೊನೆಯದು. ಜತ್ತ, ಅಕ್ಕಲಕೋಟ ಕಡೆಯ ಅಜ್ಜಿಯರು ಬರುತ್ತಾರೆ. ಸಮ್ಮತಿ ಪತ್ರ ಮರಾಠಿಯಲ್ಲಿ. ಕನ್ನಡದಲ್ಲಿ ನಾನೇ ಹೇಳಿ ಹೆಬ್ಬೆಟ್ಟು ಒತ್ತಿಸುತ್ತೇನೆ. ನಡೆಯುತ್ತಾ?

ಉತ್ತರ: ಆಪರೇಷನ್ ವಿವರಿಸುವುದು ಡಾಕ್ಟರ ಕೆಲಸ, ನೀವು ಅವರ ಮಾತನ್ನು ಕನ್ನಡಕ್ಕೆ ತನ್ನಿ. ‘ಕನ್ನಡದಲ್ಲಿ ತಿಳಿಸಲಾಗಿದೆ’ ಅಂತ ಪತ್ರದಲ್ಲೇ ಬರೆದು, ತಿಳಿಸಿದವರು ಅಂತ ನಿಮ್ಮ ಹೆಸರು, ಸಹಿ ಹಾಕಿ. ಹೆಬ್ಬೆಟ್ಟಿನ ಪಕ್ಕ ಯಾರದು, ಯಾವ ಕೈಯದು ಅಂತ ಬರೆಯಿರಿ. ಸಾಕ್ಷಿ ಸಹಿಗೆ ನೀವೇ ನಿಲ್ಲಬೇಡಿ, ಅಜ್ಜಿಯ ಮನೆಯವರನ್ನು ಕರೆಯಿರಿ.