ಪದಚರ್ಚೆ: ಸ್ಟೇರಿಂಗ್ ‘ಬಿಗಿ’ ಬೇರೆ, ‘ಭಾರ’ ಬೇರೆಯೇ?

ಪ್ರಶ್ನೆ: ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ರಿಪೇರಿ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಪವರ್ ಸ್ಟೇರಿಂಗ್ ಸೋತಾಗ ಗ್ಯಾರೇಜಿನವರು ‘ಟೈಟ್’, ‘ಹಾರ್ಡ್’ ಎರಡನ್ನೂ ಹೇಳುತ್ತಾರೆ. ಕರಡಿನಲ್ಲಿ ಎಲ್ಲ ಕಡೆ ‘ಬಿಗಿ’ ಎಂದಿದೆ. ಅದೊಂದೇ ಸಾಕೇ? ‘ಪ್ಲೇ’ಗೆ (ಚಕ್ರ ಅಲುಗುವ ಮೊದಲು ಸ್ಟೇರಿಂಗ್ ಸುಮ್ಮನೆ ತಿರುಗುವ ಸಡಿಲಕ್ಕೆ) ಏನು ಹಾಕಬಹುದು? ಬಲ್ಲವರು ತಿಳಿಸಿ.

ಉತ್ತರ 1: ಸಾಲದು ಸರ್. ಒಂದೇ ಪದ ಹಾಕಿದರೆ ಓದಿದವನು ಸುಮ್ಮನೆ ಪಂಪ್ (ಆಯಿಲ್ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡುವುದು) ಬದಲಿಸುತ್ತಾನೆ. ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಇಂಜಿನ್ ಆಫ್ ಇರುವಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಬೇಕು. ಚಕ್ರ ನೆಲ ಬಿಟ್ಟ ಮೇಲೂ ಹಿಡಿದುಕೊಂಡರೆ ಅದು ‘ಬಿಗಿ’. ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸುತ್ತಿಗೆ ಎರಡು ಸಲ ಹಿಡಿದು ಬಿಡುತ್ತಿದ್ದರೆ ಸ್ಟೇರಿಂಗ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಓರೆಯಾಗಿಯೂ ತಿರುಗುವಂತೆ ಮಾಡುವ ಕೀಲು) ತುಕ್ಕು ಹಿಡಿದಿದೆ ಅನ್ನಬಹುದು. ಉದ್ದಕ್ಕೂ ಒಂದೇ ಸಮ ಹಿಡಿದರೆ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಸಾಗಿಸುವ ಗೇರ್ ಪೆಟ್ಟಿಗೆ) ಕೈಯಿಂದ ಚಕ್ರದ ಕಡೆಗೆ ಹೋಗುವ ರಾಡ್ ಕಳಚಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಆಗಲೂ ಹಿಡಿದರೆ ಚಕ್ರ ಎಡಬಲ ತಿರುಗುವ ಕೀಲಿನಲ್ಲಿ, ಅಂದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟಿನಲ್ಲಿ, ಗ್ರೀಸ್ ಒಣಗಿದೆ.

ಎತ್ತಿದಾಗ ಸಲೀಸು, ನೆಲದ ಮೇಲೆ ಇಂಜಿನ್ ಓಡುತ್ತಿದ್ದರೂ ಕಷ್ಟ ಎಂದಾದರೆ ಮಾತ್ರ ‘ಭಾರ’. ಮೊದಲು ಟೈರಿನ ಗಾಳಿ ನೋಡಿ. ಕಂಪನಿ ಅಳತೆಗಿಂತ ಅಗಲದ ಟೈರ್ ಹಾಕಿದ್ದರೆ ಪಂಪ್ ಸರಿ ಇದ್ದರೂ ಭಾರವೇ. ಕೊನೆತನಕ ತಿರುಗಿಸಿದಾಗ ಕಿರ್ರೆಂದರೆ ಪಂಪ್ ತಿರುಗಿಸುವ ಬೆಲ್ಟ್ ಜಾರುತ್ತಿದೆ. ವಿ-ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ.ಗಿಂತ ಹೆಚ್ಚು ತಗ್ಗಬಾರದು. ಗುಂಯ್ ಎನ್ನುವ ಸದ್ದು, ಪವರ್ ಸ್ಟೇರಿಂಗ್ ಆಯಿಲ್ ಡಬ್ಬಿಯಲ್ಲಿ ನೊರೆ ಕಂಡರೆ ಆಯಿಲ್ ಕಡಿಮೆ, ಇಲ್ಲವೇ ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನ ಕ್ಲಿಪ್ಪಿನಲ್ಲಿ ಗಾಳಿ ಎಳೆಯುತ್ತಿದೆ. ಅಲ್ಲಿ ಆಯಿಲ್ ಸೋರದಿರಬಹುದು, ಆದರೂ ಗಾಳಿ ಒಳಗೆ ಹೋಗುತ್ತದೆ. ಐಡಲ್‌ನಲ್ಲಿ ಭಾರ, ರೇಸ್ ಕೊಟ್ಟರೆ ಹಗುರ ಆಗುವುದು ಸವೆದ ಪಂಪಿನ ಲಕ್ಷಣ. ಒಂದೇ ಕಡೆಗೆ ಭಾರವಾದರೆ ಪಂಪನ್ನು ಬಿಟ್ಟು ಬಾಕ್ಸಿನ ಒಳಗಿನ ವಾಲ್ವ್, ಸೀಲ್ ನೋಡಬೇಕು.

ಫೋರ್ ವೀಲ್ ಗಾಡಿಗೆ ಮೂರನೆಯ ಪದವೂ ಬೇಕು. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲದ ಗಾಡಿಯನ್ನು ಫೋರ್ ವೀಲ್‌ಗೆ ಹಾಕಿ ಒಣ ಟಾರ್ ರಸ್ತೆಯಲ್ಲಿ ಓಡಿಸಿದರೆ, ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕಾಗಿ ಸ್ಟೇರಿಂಗ್ ಸೆಟೆದುಕೊಳ್ಳುತ್ತದೆ. ಅದು ರೋಗವಲ್ಲ. ‘ಸೆಟೆತ’ ಎಂದು ಬೇರೆಯಾಗಿಯೇ ಬರೆಯಿರಿ.

ಉತ್ತರ 2: ಮೇಲಿನದು ಸರಿ. ಪಂಪೋ ಬಾಕ್ಸೋ ಎಂಬ ಅನುಮಾನ ಉಳಿದರೆ ಗೇಜಿನ ಪರೀಕ್ಷೆಯನ್ನೂ ಸೇರಿಸಿ. ಪಂಪಿನ ಪ್ರೆಶರ್ ಪೈಪಿಗೆ ಗೇಜು, ಅದರ ಮುಂದೆ ಬಂದ್ ಮಾಡುವ ವಾಲ್ವ್ ಕೂರಿಸಿ, ಆಯಿಲ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ವಾಲ್ವ್ ಮುಚ್ಚಿ. 5 ಸೆಕೆಂಡಿಗಿಂತ ಹೆಚ್ಚು ಮುಚ್ಚಿಟ್ಟರೆ ಪಂಪ್ ಸುಟ್ಟುಹೋದೀತು. ಆ ಮಾಡೆಲ್ಲಿನ ಕೈಪಿಡಿ ಹೇಳಿದ ಒತ್ತಡ ಬರದಿದ್ದರೆ ಬೆಲ್ಟ್ ನೋಡಿ, ಆಮೇಲೆ ಪಂಪ್ ಮತ್ತು ಅದರ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ತಡೆಯುವುದು). ಮುಚ್ಚಿದಾಗ ಒತ್ತಡ ಬಂದು, ವಾಲ್ವ್ ತೆರೆದು ಸ್ಟೇರಿಂಗ್ ಕೊನೆಗೆ ಒತ್ತಿ ಹಿಡಿದಾಗ ಅಷ್ಟು ಬರದಿದ್ದರೆ ಬಾಕ್ಸಿನ ಒಳಗೇ ಸೋರುತ್ತಿದೆ.

ಪೈಪ್ ಬಿಚ್ಚಿದ ಮೇಲಿನ ಕೆಲಸಕ್ಕೆ ‘ಏರ್ ತೆಗೆಯುವುದು’ ಎಂದೇ ಇರಲಿ, ಊರಿಗೆಲ್ಲ ಗೊತ್ತಿರುವ ಮಾತು. ಚಕ್ರ ಎತ್ತಿ, ಇಂಜಿನ್ ಆಫ್ ಮಾಡಿ, ಕೊನೆಯಿಂದ ಕೊನೆಗೆ 15–20 ಸಲ ನಿಧಾನ ತಿರುಗಿಸಿ. ನಡುನಡುವೆ ಆಯಿಲ್ ತುಂಬುತ್ತಿರಬೇಕು.

‘ಪ್ಲೇ’ಗೆ ‘ಆಟ’ ಒಪ್ಪುತ್ತದೆ. ಒಂದು ಎಚ್ಚರಿಕೆ ಅಲ್ಲೇ ಬರೆಯಿರಿ: ಆಟ ಕಡಿಮೆ ಮಾಡಲು ಬಾಕ್ಸಿನ ಮೇಲಿನ ಸ್ಕ್ರೂ ಅತಿಯಾಗಿ ತಿರುಗಿಸಿದರೆ ನಡುವಿನಲ್ಲಿ ಬಿಗಿಯಾಗಿ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಟೈರಾಡ್ ಎಂಡ್‌ಗಳನ್ನು (ಚಕ್ರಗಳನ್ನು ತಿರುಗಿಸುವ ರಾಡಿನ ತುದಿಯ ಕೀಲುಗಳು) ನೋಡದೆ ಆ ಸ್ಕ್ರೂ ಮುಟ್ಟಬಾರದು.