ಸಹಾಯ ಬೇಕು: ಕೆಲಸದ ಮೇಲೆ ಚೀನಾದ ಹಾಂಗ್‌ಝೌಗೆ ಹೋಗುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ನನ್ನದು, ಕ್ಯಾರೆಕ್ಟರ್ ರಿಗ್ಗಿಂಗ್, ಅಂದರೆ ಪಾತ್ರಗಳ ಕೈಕಾಲು ಆಡುವಂತೆ ಒಳಗೆ ಮೂಳೆ, ಕೀಲು ಜೋಡಿಸುವುದು. ಮುಂದಿನ ತಿಂಗಳು ಹಾಂಗ್‌ಝೌನ ಒಂದು ಸ್ಟುಡಿಯೋ ಜೊತೆ ಮಾತುಕತೆ ಇದೆ. 2005ರಿಂದ ಚೀನಾದ ದೊಡ್ಡ ಅನಿಮೇಷನ್ ಮೇಳ ನಡೆಯುತ್ತಿರುವ ಊರು ಅದು. ಅವರ ಆಹ್ವಾನ ಪತ್ರ ಬಂತು, ಎಂ ವೀಸಾ (ವ್ಯವಹಾರದ ವೀಸಾ) ಕೂಡ ಆಯ್ತು. ಶಾಂಘೈನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ಅದರ ಚಿಂತೆ ಇಲ್ಲ.

ತಲೆಬಿಸಿ ಇರುವುದು ಫೈಲ್‌ಗಳದ್ದು. ನಮ್ಮ ಶಾಟ್‌ಗಳೆಲ್ಲ ಗೂಗಲ್ ಡ್ರೈವ್‌ನಲ್ಲಿವೆ. ಅಲ್ಲಿ ಗೂಗಲ್ಲೂ ತೆರೆಯುವುದಿಲ್ಲ, ವಾಟ್ಸಾಪೂ ಇಲ್ಲ. ಶೋರೀಲನ್ನು (ನಮ್ಮ ಕೆಲಸದ ಮಾದರಿ ವಿಡಿಯೊ) ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡು ಹೋಗುತ್ತೇನೆ, ಸರಿ. ಆದರೆ ಮೀಟಿಂಗ್ ಮಧ್ಯೆ ಅವರು "ಈ ಶಾಟ್‌ನಲ್ಲಿ ಮೊಣಕೈ ಹೀಗೆ ಮಡಚುವುದು ಬೇಡ" ಅಂದರೆ, ಅದೇ ರಾತ್ರಿ ಇಲ್ಲಿನ ಟೀಮಿನಿಂದ ಹೊಸ ಪ್ಲೇಬ್ಲಾಸ್ಟ್ (ಶಾಟ್‌ನ ಕಚ್ಚಾ ವಿಡಿಯೊ) ತರಿಸಿಕೊಳ್ಳುವುದು ಹೇಗೆ? ಭಾರತದ ಸಿಮ್‌ನ ರೋಮಿಂಗ್‌ನಲ್ಲಿ ಎಲ್ಲ ತೆರೆಯುತ್ತೆ ಅಂತಾರೆ. ಅದರಲ್ಲೇ ಇನ್ನೂರು ಮುನ್ನೂರು ಎಂಬಿ ಫೈಲ್ ಇಳಿಸಿಕೊಂಡವರು ಯಾರಾದರೂ ಇದ್ದೀರಾ? ಸುಮ್ನೆ ಮೆಸೇಜ್ ಹೋಗುತ್ತೆ ಅನ್ನುವುದು ನನಗೆ ಸಾಲದು.

ಅಲ್ಲಿನ ಪೇಮೆಂಟ್ ಆ್ಯಪ್ ಅಲಿಪೇಗೆ ಕ್ರೆಡಿಟ್ ಕಾರ್ಡ್ ಸೇರಿಸಿದ್ದೇನೆ, ಪಾಸ್‌ಪೋರ್ಟ್ ಫೋಟೋನೂ ಕೊಟ್ಟಾಗಿದೆ. ಸಣ್ಣ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ನಮ್ಮ ಬ್ಯಾಂಕಿನವರು ಓಟಿಪಿ ಕೇಳಿ ಸತಾಯಿಸುತ್ತಾರಾ?

ಇನ್ನು ಊಟ. ನಾನು ಮೊಟ್ಟೆನೂ ತಿನ್ನಲ್ಲ. ಲಿಂಗ್‌ಯಿನ್ ದೇವಸ್ಥಾನದ ಕಡೆ ಸಸ್ಯಾಹಾರ ಸಿಗುತ್ತದಂತೆ. ಆದರೆ ಸ್ಟುಡಿಯೋ ಇರುವುದು ನದಿಯ ಆಚೆ, ಬಿನ್‌ಜಿಯಾಂಗ್‌ನಲ್ಲಿ. ದಿನಾ ಅನ್ನಕ್ಕಾಗಿ ನದಿ ದಾಟೋಕಾಗುತ್ತಾ? ಆ ಕಡೆ ಇದ್ದು ಬಂದವರು ಹೋಟೆಲ್ ಗೊತ್ತಿದ್ದರೆ ಹೇಳಿ.

ವಿಪಿಎನ್ (ಇಂಟರ್ನೆಟ್ ತಡೆ ದಾಟಿಸುವ ಸಾಫ್ಟ್‌ವೇರ್) ಸಲಹೆ ಮಾತ್ರ ಬೇಡ, ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಹಾಕುವ ಹಾಗಿಲ್ಲ.